ಸೂಟಿಗೆ ತಕ್ಕ ಬೂಟು

ಹವಾಯಿ ಚಪ್ಪಲಿ ಕೊಳ್ಳಲು ಬಂದವರು ತೆಪ್ಪಗೆ ಬಂದು ತೆಪ್ಪಗೆ ಹೋಗುತ್ತಾರೆ. ಸೂಟು ಹೊಲಿಸಿಕೊಂಡು ಅದಕ್ಕೆ ಬೂಟು ಹುಡುಕಿಕೊಂಡು ಬಂದವರು ಮಾತ್ರ ಏನಾದರೊಂದು ಪ್ರಸಂಗ ಮಾಡದೆ ಅಂಗಡಿಯ ಮೆಟ್ಟಿಲು ಇಳಿಯುವುದಿಲ್ಲ. ಎಪ್ಪತ್ತು-ಎಂಬತ್ತರ ದಶಕದಲ್ಲಿ ನಾನೂ ನನ್ನ ಪಾಲುದಾರರಾದ ಭಾಯಿಯವರೂ ಯಶವಂತಪುರದಲ್ಲಿ ಬೂಟು-ಚಪ್ಪಲಿ ಅಂಗಡಿ ನಡೆಸುತ್ತಿದ್ದೆವು. ಭಾಯಿ ಗಲ್ಲಾದ ಮುಂದೆ, ನಾನು ಗಿರಾಕಿಗಳ ಕಾಲಬುಡದಲ್ಲಿ. ಅಲ್ಲಿ ಕೂತು ಕಂಡದ್ದನ್ನು ಹೇಳುತ್ತೇನೆ.

ಬೆಳೆಯೋ ಹುಡುಗ

ಪುಟ್ಟೇನಹಳ್ಳಿಯ ಹುಡುಗನೊಬ್ಬನಿಗೆ ಕಂಪನಿಯೊಂದರಿಂದ ಇಂಟರ್‌ವ್ಯೂಗೆ ಕರೆ ಬಂದಿತ್ತು. ಹುಡುಗ ಅಂದೆ, ನಿಜಕ್ಕೂ ದಪ್ಪ ಮೀಸೆಯ ಆಳು. ಮನೆತನದಲ್ಲೇ ಸೂಟು ಹಾಕುವ ಮೊದಲ ಮನುಷ್ಯ ಇವನು. ಹಾಗಾಗಿ ಬೂಟನ್ನು ತಾನೇ ಆರಿಸಬೇಕೆಂದು ಅವನ ಅಜ್ಜಿ ಹಟ ಹಿಡಿದು ಬಸ್ಸು ಹತ್ತಿ ಬಂದಿದ್ದರು.

ನಾನು ತೊಡಿಸಿದ ಕಪ್ಪು ಬೂಟು ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಅಜ್ಜಿ ಬಗ್ಗಿ ಬೂಟಿನ ತುದಿಯನ್ನು ಹೆಬ್ಬೆಟ್ಟಿನಿಂದ ಅಮುಕಿದರು.

"ಇದ್ರಾಗೆ ಜಾಗ್ವೇ ಇಲ್ವಲ್ಲಪ್ಪ. ಒಂದ್ ಸೈಜ್ ದೊಡ್ದು ಕೊಡು. ಬೆಳೆಯೋ ಉಡುಗ."

"ಅಜ್ಜೀ, ಈ ವಯಸ್ಸಲ್ಲಿ ಕಾಲು ಬೆಳೆಯಲ್ಲ."

"ಕೆಲ್ಸಕ್ ಸೇರ್ತಾವ್ನೆ. ಒಟ್ಟೆ ತುಂಬಾ ಉಣ್ತಾನೆ. ಯಾಕ್ ಬೆಳೆಯಾಕಿಲ್ಲ?"

"ಸುಮ್ಕಿರಜ್ಜಿ" ಎಂದು ಮೊಮ್ಮಗ ನಾಚಿಕೊಂಡ. ನಾನು ಬಿಡದೆ ನನ್ನ ಕಾಲನ್ನೇ ಮುಂದಕ್ಕೆ ಚಾಚಿದೆ. "ನನ್ನನ್ನೇ ನೋಡಿ. ಮದುವೆಗೆ ಮುಂಚೆಯಿಂದಲೂ ಇದೇ ಸೈಜು."

ಅಜ್ಜಿ ನನ್ನ ಕಾಲು ನೋಡಿದರು, ನಾನು ಕೂತಿದ್ದ ಮಣೆ ನೋಡಿದರು.

"ಅದ್ಕೇ ನೀನು ಇನ್ನೂ ಇಲ್ಲೇ ಕುಂತಿದ್ದೀಯ."

ಕಪ್ಪೋ, ಬ್ರೌನೋ

ಆರ್.ಟಿ. ನಗರದ ಬ್ಯಾಂಕ್ ಅಧಿಕಾರಿಯೊಬ್ಬರು ಬೆಳಗ್ಗೆ ಆಫೀಸಿಗೆ ಹೋಗುವ ದಾರಿಯಲ್ಲಿ ಬಂದರು. ಯಾವುದೋ ದೊಡ್ಡ ಮೀಟಿಂಗಿಗೆ ಕಡುನೀಲಿ ಸೂಟು ಹೊಲಿಸಿದ್ದರು. ಬಣ್ಣ ಹೊಂದಿಸಿ ನೋಡಲು ಕೋಟನ್ನೂ ತಂದಿದ್ದರು. ಬಲಗಾಲಿಗೆ ಕಪ್ಪು, ಎಡಗಾಲಿಗೆ ಬ್ರೌನು ಹಾಕಿಕೊಂಡು ಕನ್ನಡಿಯ ಮುಂದೆ ಬಲಕ್ಕೂ ಎಡಕ್ಕೂ ವಾಲಿದರು.

"ಟ್ಯೂಬ್‌ಲೈಟಲ್ಲಿ ಗೊತ್ತಾಗಲ್ಲ ಕಣ್ರೀ. ಬಿಸಿಲಲ್ಲಿ ನೋಡ್ಬೇಕು" ಎಂದು ಕೋಟನ್ನು ಕುರ್ಚಿಯ ಮೇಲಿಟ್ಟು ಹೊರಗೆ ಹೋಗಿ ನಿಂತರು.

ಅಷ್ಟರಲ್ಲಿ ಅವರ ಬಸ್ಸು ಬಂತು. ಬಸ್ಸು ಕಂಡರೆ ಓಡುವುದು ಎಷ್ಟೋ ವರ್ಷಗಳ ಅಭ್ಯಾಸ. ಓಡಿದರು, ಹತ್ತಿದರು, ಹೋದರು. ನಾನು ಬಾಯಿ ಬಿಟ್ಟುಕೊಂಡು ನಿಂತೆ. ಭಾಯಿ ಮಾತ್ರ ತಣ್ಣಗೆ, "ಕೋಟು ಇಲ್ಲೇ ಐತಲ್ಲ, ಬರ್ತಾರೆ ಬಿಡಿ" ಅಂದರು.

ಮಾರನೆಯ ದಿನ ಬಂದರು.

"ಇಡೀ ಆಫೀಸಿಗೆ ತೋರಿಸ್ದೆ ಕಣ್ರೀ! ಮೇಜು ಮೇಜಿಗೂ ಹೋಗಿ ಎರಡು ಕಾಲೂ ಎತ್ತಿ ತೋರಿಸ್ದೆ. ಮ್ಯಾನೇಜರಿಂದ ಹಿಡಿದು ಎಲ್ರದ್ದೂ ಒಂದೇ ಮಾತು, ಬ್ರೌನು!"

"ಹಾಗಾದ್ರೆ ಬಲಗಾಲಿಗೂ ಬ್ರೌನ್ ತರ್ಲಾ ಸಾರ್?"

"ಬೇಡ. ಎಡಗಾಲಿಗೆ ಕಪ್ಪು ತನ್ನಿ."

"ಯಾಕ್ ಸಾರ್?"

ಅವರು ದನಿ ತಗ್ಗಿಸಿದರು. "ಆಮೇಲೆ ಮನೆಯವಳಿಗೂ ತೋರಿಸ್ದೆ."

ಕಿರ್ ಕಿರ್

ಕಾರ್ಖಾನೆಯೊಂದರಲ್ಲಿ ಹೊಸದಾಗಿ ಸೂಪರ್‌ವೈಸರ್ ಆದವರೊಬ್ಬರು, ಹೊರದೇಶದವರು ಬರುತ್ತಾರೆಂದು ಸೂಟು ಹೊಲಿಸಿ ನಮ್ಮಲ್ಲಿ ಬೂಟು ಕೊಂಡರು. ಅಭ್ಯಾಸವಾಗಲಿ ಎಂದು ಬೂಟನ್ನು ದಿನವೂ ಹಾಕತೊಡಗಿದರು. ಕೆಲವೇ ದಿನಕ್ಕೆ ವಾಪಸ್ ಬಂದರು.

"ಏನ್ರೀ ಇದು, ಹೆಜ್ಜೆ ಇಟ್ಟರೆ ಕಿರ್ ಕಿರ್ ಅನ್ನುತ್ತೆ. ಹೊರದೇಶದವರ ಮುಂದೆ ನನ್ನ ಮರ್ಯಾದೆ ಏನಾಗ್ಬೇಕು?"

ಒಳಗಿನ ಅಟ್ಟೆ ಎತ್ತಿ ಪೌಡರ್ ಉದುರಿಸಿ ಕೊಟ್ಟೆ. ಸದ್ದು ಅಡಗಿತು. ಅವರು ಖುಷಿಯಾಗಿ ಹೋದರು.

ಆ ವಾರವೇ ಅದೇ ಕಾರ್ಖಾನೆಯ ಕೆಲಸಗಾರರ ಗುಂಪೊಂದು ಅಂಗಡಿಗೆ ನುಗ್ಗಿತು.

"ಏನ್ ಗುರು, ಎಂಥ ಕೆಲ್ಸ ಮಾಡ್ಬಿಟ್ರಿ! ಮುಂಚೆ ಕಿರ್ ಅಂದ್ರೆ ಬೀಡಿ ಆರಿಸ್ತಿದ್ವಿ, ಇಸ್ಪೀಟು ಎತ್ತಿಡ್ತಿದ್ವಿ. ಈಗ ಬೆಕ್ಕಿನ ಥರ ಬಂದು ಬೆನ್ನ ಹಿಂದೆ ನಿಂತ್ಕೋತಾರೆ. ಆ ಸದ್ದು ವಾಪಸ್ ಹಾಕ್ಕೊಡಿ."

ತೆಗೆದ ಸದ್ದನ್ನು ಮತ್ತೆ ಹಾಕುವ ವಿದ್ಯೆ ನನಗೆ ಗೊತ್ತಿರಲಿಲ್ಲ. ಭಾಯಿ ಉಪಾಯ ಹೇಳಿದರು. "ಅದೇ ಥರದ್ದು ಹೊಸಾ ಜೊತೆ ಕೊಡ್ಸಿ. ಹೊಸದ್ರಲ್ಲಿ ಸದ್ದು ಗ್ಯಾರಂಟಿ."

ಎಲ್ಲರೂ ಸೇರಿ ಒಂದು ಜೊತೆ ಕೊಂಡರು. ಆಮೇಲೆ ಒಂದು ಸಂಜೆ ಸೂಪರ್‌ವೈಸರ್ ಅದನ್ನೇ ಹಾಕಿಕೊಂಡು ಬಂದರು. ಕಣ್ಣು ತುಂಬಿತ್ತು.

"ಬಡ್ತಿ ಸಿಕ್ತು ಅಂತ ನಮ್ಮ ಹುಡುಗ್ರು ಉಡುಗೊರೆ ಕೊಟ್ರು ಕಣ್ರೀ. ಸ್ವಲ್ಪ ಸದ್ದು ಮಾಡುತ್ತೆ, ಆದ್ರೆ ಅವರ ಪ್ರೀತಿ ನೋಡಿ! ಇದಕ್ಕೆ ಮಾತ್ರ ಪೌಡರ್ ಹಾಕ್ಸಲ್ಲ."

ಆರತಕ್ಷತೆ

ಯಲಹಂಕದ ಹತ್ತಿರ ಸಿಂಗಾಪುರ ಅಂತಲೇ ಒಂದು ಹಳ್ಳಿಯಿದೆ. ಅಲ್ಲಿನ ಒಕ್ಕಲು ಮನೆತನದ ಹುಡುಗನಿಗೆ ಪೇಟೆಯ ಹೆಣ್ಣು ಗೊತ್ತಾಗಿತ್ತು. ಆರತಕ್ಷತೆಗೆ ಅಳಿಯ ಸೂಟು ಬೂಟಲ್ಲೇ ನಿಲ್ಲಬೇಕೆಂದು ಮಾವ ಅವನನ್ನು ಅಂಗಡಿಗೆ ಕರೆತಂದರು. ಮಾವ ನಿವೃತ್ತ ಅಧಿಕಾರಿ. "ಲೇಸ್ ಇಲ್ಲದ್ದು ಸೂಟಿಗೆ ಬೂಟೇ ಅಲ್ಲ" ಎಂದು ತೀರ್ಪು ಕೊಟ್ಟರು.

ಮಾವ ಭಾಯಿಯ ಜೊತೆ ಮಾತಿಗೆ ನಿಂತಾಗ ಹುಡುಗ ನನ್ನ ಕಿವಿಗೆ ಬಗ್ಗಿದ. "ಅಣ್ಣ, ನಂಗೊತ್ತಿರೋದು ಹಸ ಕಟ್ಟೋ ಗಂಟು ಒಂದೇ. ನೀನೂ ಮದ್ವೆಗೆ ಬಂದ್ಬಿಡಣ್ಣ. ಇಲ್ದಿದ್ರೆ ಅವ್ರ ಕಡೆಯವ್ರ ಮುಂದೆ ಮಾನ ಓಗ್ತದೆ."

ಊಟದ ಆಸೆಗೆ ಯಲಹಂಕದ ಛತ್ರಕ್ಕೆ ಹೋದೆ. ವೇದಿಕೆಯ ಮೇಲೆ ಆಗಲೇ ಅನಾಹುತ ಆಗಿತ್ತು. ಹುಡುಗಿಯ ಅಜ್ಜ ಆಶೀರ್ವಾದ ಮಾಡಲು ಬಂದಿದ್ದಾರೆ. ಬೂಟು ಕಳಚದೆ ಹಿರಿಯರಿಗೆ ನಮಸ್ಕಾರ ಮಾಡುವ ಹಾಗಿಲ್ಲ. ಇವನು ಹಾಕಿದ್ದ ಹಸ ಕಟ್ಟುವ ಗಂಟು ಬಿಚ್ಚಿಕೊಳ್ಳುತ್ತಿಲ್ಲ. ಅಜ್ಜ ಎತ್ತಿದ ಕೈಯನ್ನು ಎತ್ತಿದ ಹಾಗೆಯೇ ಹಿಡಿದು ನಿಂತಿದ್ದಾರೆ. ನನ್ನನ್ನು ಕಂಡದ್ದೇ ಹುಡುಗ ಕಣ್ಣಲ್ಲೇ ಬೇಡಿಕೊಂಡ.

ಓಡಿಹೋಗಿ ಗಂಟು ಬಿಚ್ಚಿದೆ. ನಮಸ್ಕಾರ ಆಯಿತು. ಮತ್ತೆ ಕಟ್ಟಿದೆ. ಅಷ್ಟರಲ್ಲಿ ಸೋದರಮಾವ ಬಂದರು. ಬಿಚ್ಚಿದೆ, ಕಟ್ಟಿದೆ. ದೊಡ್ಡಪ್ಪ ಬಂದರು, ಪುರೋಹಿತರು ಬಂದರು. ಪೇಟೆಯವರ ಕಡೆ ಹಿರಿಯರಿಗೇನು ಬರವೇ? ನಾನು ಕೆಳಗಿಳಿಯಲೇ ಇಲ್ಲ. ಫೋಟೋದವನು ನಿಲ್ಲಿಸದೆ ಫ್ಲ್ಯಾಶ್ ಹೊಡೆಯುತ್ತಲೇ ಇದ್ದ. ಹುಡುಗನ ಮಾನ ಉಳಿಯಿತು. ನನಗೆ ಒಬ್ಬಟ್ಟು ಉಳಿದಿರಲಿಲ್ಲ.

ಕೆಲವು ವರ್ಷಗಳ ಮೇಲೆ ಸಿಂಗಾಪುರದ ಕಡೆ ಹೋಗಿದ್ದಾಗ ಅವನು ಬಲವಂತವಾಗಿ ಮನೆಗೆ ಕರೆದುಕೊಂಡು ಹೋದ. ಕಾಫಿ ಬರುವಷ್ಟರಲ್ಲಿ ಅವನ ಪುಟ್ಟ ಮಗಳು ಮದುವೆಯ ಆಲ್ಬಂ ತಂದು ನನ್ನ ಪಕ್ಕ ಕೂತಳು. ಪುಟ ತಿರುವುತ್ತಾ ಒಮ್ಮೆ ಫೋಟೋ ನೋಡುತ್ತಾಳೆ, ಒಮ್ಮೆ ನನ್ನ ಮುಖ ನೋಡುತ್ತಾಳೆ. ಕೊನೆಯ ಪುಟ ಮುಗಿಸಿ ಬಹಳ ಕನಿಕರದಿಂದ ಕೇಳಿದಳು:

"ಮಾಮಾ, ಎಲ್ಲಾ ಫೋಟೋದಲ್ಲೂ ನಮ್ಮಪ್ಪನ ಕಾಲು ಹಿಡ್ಕೊಂಡಿದ್ದೀರಲ್ಲ, ಕೊನೆಗಾದ್ರೂ ಅಪ್ಪ ಆಶೀರ್ವಾದ ಮಾಡಿದ್ರಾ?"