ತುಂಬೆ ಹೂವಿನ ಉಸ್ತುವಾರಿ

ತುಂಬೆ ಗಿಡ ಬೆಳೆಸುವುದು ಕಷ್ಟವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅದಕ್ಕೆ ನೀರು ಬೇಡ, ಗೊಬ್ಬರ ಬೇಡ. ಒಮ್ಮೆ ಹೂಬಿಟ್ಟರೆ ಸಾಕು, ತಾನೇ ಬೀಜ ಉದುರಿಸಿ ಮರುವರ್ಷ ತಾನೇ ಹುಟ್ಟುತ್ತದೆ. ಅದನ್ನು ಕೆಡಿಸಬೇಕೆಂದರೆ ವಿಶೇಷ ಪರಿಶ್ರಮ ಬೇಕು. ಆ ಪರಿಶ್ರಮವನ್ನು ನಾನು ಪಟ್ಟಿದ್ದೇನೆ.

ನಮ್ಮ ಅವ್ವ ಶ್ರಾವಣ ಸೋಮವಾರಗಳಲ್ಲಿ ತಾನೇ ಕೈಯಾರೆ ಕಿತ್ತ ತುಂಬೆ ಹೂವನ್ನು ಬಿಟ್ಟು ಬೇರೇನನ್ನೂ ಶಿವನಿಗೆ ಏರಿಸಿದವಳಲ್ಲ. ಹೋದ ದೀಪಾವಳಿಯ ಹೊತ್ತಿಗೆ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಳು. ಈಗ ವಾಕರ್ ಹಿಡಿದು ಹಿತ್ತಲ ಮೆಟ್ಟಿಲವರೆಗೆ ಬಂದರೆ ಅದೇ ದೊಡ್ಡ ಪ್ರಯಾಣ. ಸೇಡಂ ಊರಾಚೆಯ ಹೊಲದ ಬದುವಿಗೆ ಹೋಗುವ ಮಾತೇ ಇಲ್ಲ.

"ಈ ಸಲ ಯಾರರ ತಂದುಕೊಟ್ಟಿದ್ದೇ ಏರಸ್ತೀನಿ ಬಿಡು," ಎಂದಳು ಮೆಲ್ಲಗೆ.

"ಅವ್ವಾ, ಶ್ರಾವಣದಾಗ ನಮ್ಮ ಹಿತ್ತಲದಾಗೇ ನಿನ್ನ ಕೈಲೆ ಹೂವ ಕೀಳಸ್ತೀನಿ. ಇದು ನನ್ನ ಜವಾಬ್ದಾರಿ!" ಎಂದು ಘೋಷಿಸಿದೆ.

ಹಿತ್ತಲಿಗೆ ಪೂರ್ತಿ ಶಹಾಬಾದ್ ಫರ್ಸಿಯ ಕಲ್ಲುಹಾಸು ಇದೆ. ಮೊದಲ ಮಳೆ ಬಿದ್ದ ಮೇಲೆ ನಾಲ್ಕು ಫರ್ಸಿ ಎಬ್ಬಿಸಿದೆ. ಅವುಗಳಲ್ಲಿ ಒಂದು ನನ್ನ ಕಾಲ್ಬೆರಳ ಮೇಲೆ ಕೂತಿತು. ಕುಂಟುತ್ತಲೇ ತೆಂಗಳಿ ಹಳ್ಳಿಯಿಂದ ಕೊಟ್ಟಿಗೆ ಗೊಬ್ಬರ ತರಿಸಿ, ಬದುವಿನಿಂದ ಸಸಿ ಕಿತ್ತು ತಂದು ನೆಟ್ಟು, ಎರಡೂ ಹೊತ್ತು ನೀರುಣಿಸಿದೆ. ಮಳೆ ಬರುವಾಗ ಛತ್ರಿ ಹಿಡಿದು ನೀರುಣಿಸಿದೆ!

"ಮ್ಯಾಲಿಂದ ಬೀಳಲಿಕತ್ತಿದ್ದು ನೀರಲ್ಲೇನ್ರಿ?" ಎಂದಳು ಹೆಂಡತಿ ಶಾಂತಾ.

ಪಕ್ಕದ ಮನೆಯ ಮೆಹಬೂಬಬಿ ಖಾಲಾ ಗೋಡೆಯ ಮೇಲಿಂದ ಇಣುಕಿದರು. "ಭಾಯಿ, ಜಂಗಲಿ ಗಿಡಕ್ಕ ಇಷ್ಟು ಲಾಡ್ ಮುದ್ದು ಮಾಡಬ್ಯಾಡ್ರಿ. ಕೆಟ್ಟು ಹೋಗ್ತದ."

ಕೆಟ್ಟಿತು. ಗಿಡಗಳು ಮೊಣಕಾಲುದ್ದ ಬರೀ ಎಲೆ ಬಿಟ್ಟು, ಬುಡ ಕೊಳೆತು, ಒಂದೊಂದಾಗಿ ಅಡ್ಡಬಿದ್ದವು.

ಕಳೆಯೇ ಇದಕ್ಕೆಲ್ಲ ಕಾರಣವೆಂದು ತೀರ್ಮಾನಿಸಿದೆ. ಪ್ರತಿ ರವಿವಾರ ಕಳೆ ಕೀಳುವ ಕುರ್ಪಿ ಹಿಡಿದು ಕೂತು, ಫರ್ಸಿ ಸಂದಿಗಳಲ್ಲಿ ತಲೆಯೆತ್ತಿದ ಹಸಿರನ್ನೆಲ್ಲ ಬೇರುಸಹಿತ ನಿರ್ಮೂಲ ಮಾಡಿದೆ. ಮೆಟ್ಟಿಲ ಪಕ್ಕ ಮಾತ್ರ ಒಂದು ಬುಟ್ಟಿ ಬೋರಲಾಗಿತ್ತು.

"ಅದನ್ನ ಮುಟ್ಟಬ್ಯಾಡ್ರಿ. ಖಾಲಾರ ಕೋಳಿ ಕಾವಿಗೆ ಕುಂತದ," ಎಂದಳು ಶಾಂತಾ.

ನಾನು ಜವಾಬ್ದಾರಿಯ ಮನುಷ್ಯ. ಅಂದಿನಿಂದ ಹಿತ್ತಲಲ್ಲಿ ತುದಿಗಾಲಲ್ಲೇ ಓಡಾಡಿದೆ. ಕೆಮ್ಮು ಬಂದರೆ ಬೀದಿಗೆ ಹೋಗಿ ಕೆಮ್ಮಿ ಬಂದೆ. ಬುಟ್ಟಿಯ ಬಳಿ ಒಂದು ಹಿಡಿ ಜೋಳ ಇಟ್ಟೆ. ಮರುದಿನ ಜೋಳ ಇರಲಿಲ್ಲ! ಕೋಳಿ ತಿಂದಿತೆಂದು ಸಂತೋಷಪಟ್ಟೆ. ಒಮ್ಮೆ ಗೋಡೆಯಾಚೆ ಜೋರು ಮಾತು ಕೇಳಿ, "ಖಾಲಾ, ಮೆಲ್ಲಕ ಮಾತಾಡ್ರಿ, ನಿಮ್ಮ ಕೋಳಿ ಎದ್ದೀತು," ಎಂದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದರು. ನನ್ನ ಮಾತಿಗೆ ಬೆಲೆ ಕೊಟ್ಟರೆಂದುಕೊಂಡೆ.

ಮೊದಲ ಶ್ರಾವಣ ಸೋಮವಾರದ ಹಿಂದಿನ ದಿನ ಪಾತಿಯಲ್ಲಿ ಉಳಿದಿದ್ದು ಬರೀ ಗೊಬ್ಬರ. ಅವ್ವನ ಮಂಚದ ಬಳಿ ಹೋಗಿ ಕೂತೆ.

"ಅವ್ವಾ, ನನ್ನ ಕೈಲೆ ಆಗಲಿಲ್ಲ. ನಾಳಿಗಿ ಪ್ಯಾಟಿಯಿಂದ ಮಲ್ಲಿಗಿ ತರ್ತೀನಿ."

"ಏನೂ ತರಬ್ಯಾಡ. ಮುಂಜಾನಿ ಮೆಟ್ಟಲ ತನಕ ಕರಕೊಂಡು ನಡಿ, ಸಾಕು," ಎಂದಳು.

ಮುಂಜಾನೆ ಅವ್ವ ಮೆಟ್ಟಿಲ ಮೇಲೆ ಕೂತಳು. ಶಾಂತಾ ಬುಟ್ಟಿಗೆ ಕೈ ಹಾಕಿದಳು.

"ಏ, ಕೋಳಿ!" ಎಂದು ಕೂಗಿದೆ.

ಕೋಳಿ ಇರಲಿಲ್ಲ. ಫರ್ಸಿ ಸಂದಿಯಲ್ಲಿ ಗೇಣುದ್ದದ ತುಂಬೆ ಗಿಡವೊಂದು ಬೆಳ್ಳಗೆ ಹೂಬಿಟ್ಟು ನಿಂತಿತ್ತು.

"ಹೋದ ಶ್ರಾವಣದಾಗ ಪೂಜಿ ಆದಮ್ಯಾಲ ಒಣಗಿದ ಹೂವಿನ ದಂಟು ಇಲ್ಲೇ ಚೆಲ್ಲತಿದ್ದೆ," ಎಂದಳು ಅವ್ವ. "ಈ ಸಲ ಸಂದ್ಯಾಗೆಲ್ಲ ತಾವೇ ಹುಟ್ಟಿದ್ವು. ಇದೊಂದು ಬಿಟ್ಟು ಎಲ್ಲಾ ನೀನೇ ಕಿತ್ತಿದಿ."

"ನೀವು ಮನ್ಯಾಗಿದ್ದಾಗ ಮುಚ್ಚತಿದ್ವಿ, ಆಫೀಸಿಗಿ ಹೋದಮ್ಯಾಲ ತೆಗೀತಿದ್ವಿ," ಎಂದಳು ಶಾಂತಾ.

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಅದಕ್ಕೂ ಗೊಬ್ಬರ ಹಾಕ್ತಿದ್ದಿ," ಎಂದಳು ಅವ್ವ.

ಒಂದು ಕೈಯಲ್ಲಿ ನನ್ನ ಹೆಗಲು ಹಿಡಿದು ಬಾಗಿ, ಇನ್ನೊಂದು ಕೈಯಿಂದ ಒಂದೊಂದೇ ಹೂ ಕಿತ್ತಳು. ಆ ಮುಖ ನೋಡಿ ನನಗೆ ಅಳು ಬಂತು. ನಾಚಿಕೆಯೂ ಬಂತು.

ಈಗ ಸಂದಿಗಳಲ್ಲಿ ಮತ್ತೆ ಎಳೆ ಸಸಿಗಳು ಕಾಣಿಸಿಕೊಂಡಿವೆ. ಹೋದ ರವಿವಾರ ಕುರ್ಪಿ ಎಲ್ಲೂ ಸಿಗಲಿಲ್ಲ. ಮೆಟ್ಟಿಲ ಪಕ್ಕ ಅದೇ ಬುಟ್ಟಿ ಬೋರಲಾಗಿತ್ತು. ಎತ್ತಲು ಹೋದೆ.

"ಮುಟ್ಟಬ್ಯಾಡ್ರಿ!" ಎಂದಳು ಶಾಂತಾ ಒಳಗಿನಿಂದ. "ಕುರ್ಪಿ ಕಾವಿಗೆ ಕುಂತದ!"

ನಾನು ತುದಿಗಾಲಲ್ಲೇ ಒಳಗೆ ಬಂದೆ.