ಅಂಗುಳಿನಲ್ಲಿ ಆರು ಬಿಲ್ಲೆ

ಗಂಡನ ಬಾಯಿ ಮುಚ್ಚಿಸಿದ ಹೆಂಡತಿಯರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಆದರೆ ಗಂಡನ ಬಾಯಿ ತೆರೆಸಿ, ಅಂಗುಳಿಗೆ ಆರು ಬಿಲ್ಲೆ ಅಂಟಿಸಿ, ಇವನ್ನು ಹದಿನಾಲ್ಕು ದಿನ ಖಜಾನೆ ಕಾದಂತೆ ಕಾಯಿರಿ ಎಂದವಳು ರೈಲು ನಿಲ್ದಾಣದ ಟಿಕೆಟ್ ಗುಮಾಸ್ತರ ಹೆಂಡತಿ ಒಬ್ಬಳೇ ಇರಬೇಕು.

ಆಕೆ ರಸಾಯನಶಾಸ್ತ್ರ ಓದಿದವಳು. ಹುಳುಕು ಹಲ್ಲಿನ ಗುಂಡಿಗೆ ತುಂಬುವ ಸಿಮೆಂಟು ತಯಾರಿಸುವ ಪ್ರಯೋಗಾಲಯದಲ್ಲಿ ಕೆಲಸ. ಗಾಜಿನ ಪುಡಿಗೆ ಮಂದವಾದ ಒಂದು ಆಮ್ಲ ಬೆರೆಸಿ, ಕಲಸಿ, ಒಣಗಿಸಿ, ಒಡೆದು, ಮತ್ತೆ ಕಲಸಿ, ಮೂರು ವರ್ಷಕ್ಕೆ ಒಂದು ಹೊಸ ಸಿಮೆಂಟು ಮಾಡಿದ್ದಳು. ಕೃತಕ ಎಂಜಲಿನಲ್ಲಿ ನೆನೆಹಾಕಿದರೆ ಅದು ಕಲ್ಲಿನಂತೆ ನಿಂತಿತು. (ಹೌದು, ಎಂಜಲಿನಲ್ಲೂ ಕೃತಕ ಇದೆ. ಆ ಸೀಸೆಯನ್ನು ಒಮ್ಮೆ ಮನೆಯ ಫ್ರಿಜ್ಜಿನಲ್ಲಿಟ್ಟದ್ದಕ್ಕೆ ಅತ್ತೆ ಮೂರು ದಿನ ಸೊಸೆಯ ಹತ್ತಿರ ಮಾತು ಬಿಟ್ಟಿದ್ದರು.) ಇನ್ನು ಉಳಿದದ್ದು ಜೀವಂತ ಬಾಯಿಯ ಪರೀಕ್ಷೆ.

“ಗಾಜಿನ ಬಟ್ಟಲೇ ಬೇರೆ, ಬಾಯೇ ಬೇರೆ ರೀ,” ಎಂದಳು. “ಬಾಯಿ ಅಂದ್ರೆ ಒಂದು ಕಾರ್ಖಾನೆ. ಒಂದು ಕ್ಷಣ ಬಿಸಿ, ಒಂದು ಕ್ಷಣ ತಂಪು. ಸಿಹಿ ತಿಂದ್ರೆ ಕ್ರಿಮಿಗಳು ಅದನ್ನ ಆಮ್ಲ ಮಾಡ್ತವೆ, ಎಂಜಲು ಬಂದು ಆ ಆಮ್ಲಾನ ತೊಳೆಯತ್ತೆ. ಈ ಜಗಳದ ಮಧ್ಯೆ ನಿಂತ್ರೆ ಸಿಮೆಂಟು, ಇಲ್ದಿದ್ರೆ ಬರೀ ಸುಣ್ಣ.”

“ಅದಕ್ಕೆ ನನ್ನ ಬಾಯೇ ಆಗಬೇಕಾ? ಅಮ್ಮ ಇಲ್ವಾ?”

ಮೂಲೆಯ ಕುರ್ಚಿಯಲ್ಲಿದ್ದ ತಾಯಿ ಬೊಚ್ಚುಬಾಯಿ ಅಗಲಿಸಿ ತೋರಿಸಿದರು. “ನನಗೆ ಹಲ್ಲೇ ಇಲ್ಲ ಕಣೋ. ದೇವರು ದೊಡ್ಡವನು.”

ಬಾಯಿ ಕೊಡಲು ಒಪ್ಪಿಕೊಂಡಿದ್ದ ಪ್ರಯೋಗಾಲಯದ ಮೂವರು ಸಹೋದ್ಯೋಗಿಗಳು ಆಗಲೇ ಹಿಂದೆ ಸರಿದಿದ್ದರು. “ಬಿಡಿ, ನನ್ನ ಮಾತು ಕೇಳೋ ಬಾಯಿ ಇದೊಂದೇ ಅಂದ್ಕೊಂಡಿದ್ದೆ,” ಎಂದು ಹೆಂಡತಿ ಸಣ್ಣ ದನಿಯಲ್ಲಿ ಅಂದಳು. ಗುಮಾಸ್ತರು ಬೆಣ್ಣೆಯಂತೆ ಕರಗಿ ಬಾಯಿ ತೆರೆದರು.

ನಿಯಮಗಳು ಸರಳವಾಗಿದ್ದವು. ಹೊಸ ಸಿಮೆಂಟಿನ ಆರು ಬಿಲ್ಲೆ ಕೂರಿಸಿದ, ಅಂಗುಳಿಗೆ ಅಂಟಿ ನಿಲ್ಲುವ ತೆಳು ತಟ್ಟೆಯನ್ನು ಹಲ್ಲುಜ್ಜುವಾಗ ಮಾತ್ರ ತೆಗೆಯಬೇಕು. ಮನೆ ಊಟ, ಬರೀ ನೀರು. ಬಾಯಿಗೆ ಹೋದದ್ದೆಲ್ಲ ಒಂದು ಪುಸ್ತಕದಲ್ಲಿ ಬರೆಯಬೇಕು.

“ನಿಂಬೆ ಸೋಡಾ ಬಿಟ್ಟು ನಿಮಗೆ ಎರಡು ವರ್ಷ ಆಯ್ತಲ್ಲ, ಅದೇ ಒಳ್ಳೇದಾಯ್ತು,” ಎಂದಳು ಹೆಂಡತಿ.

ಬಾಯಿ ಬಿಡಬೇಕಾಗಿದ್ದದ್ದು ಆಗ. ಗುಮಾಸ್ತರು ಬಿಡಲಿಲ್ಲ. ಹಲ್ಲು ಸವೆಯುತ್ತಿದೆ ಎಂದು ವೈದ್ಯರು ಗದರಿಸಿದಾಗ ಅವರು ಆಣೆ ಮಾಡಿದ್ದು ನಿಜ. ಆದರೆ ಆ ಆಣೆಯ ಅಧಿಕಾರವ್ಯಾಪ್ತಿ ಮನೆಯ ಬಾಗಿಲಿಗೆ ಮುಗಿಯುತ್ತದೆ, ಪ್ಲಾಟ್‌ಫಾರ್ಮಿನ ತುದಿಯ ಸೋಡಾ ಅಂಗಡಿಯವರೆಗೆ ಬರುವುದಿಲ್ಲ ಎಂಬುದು ಅವರ ಅಂತರಂಗದ ತೀರ್ಪು.

ಮೊದಲ ಪೆಟ್ಟು ಬಿದ್ದದ್ದು ಭಾಷೆಗೆ. ಅಂಗುಳು ಮುಚ್ಚಿಹೋಗಿ, ನಾಲಿಗೆಗೆ ಳಕಾರ ಣಕಾರಗಳ ವಿಳಾಸವೇ ಸಿಗದಾಯಿತು. ಏಳು ಗಂಟೆಯ ರೈಲು ‘ಏಲು ಗಂಟೆ’ಗೆ ಹೊರಟಿತು, ‘ಹಣ ಕೊಡಿ’ ಹೋಗಿ ‘ಹನ ಕೊಡಿ’ ಆಯಿತು. ದಿನಕ್ಕೆ ಐನೂರು ಸಲ “ಹೇಳಿ, ಎಲ್ಲಿಗೆ?” ಎನ್ನುತ್ತಿದ್ದ ಮನುಷ್ಯ ಮೊದಲ ದಿನವೇ ಆ ‘ಹೇಳಿ’ಯನ್ನು ಕೈಬಿಟ್ಟು ಬರೀ ಹುಬ್ಬು ಹಾರಿಸತೊಡಗಿದರು. (ಳಕಾರ ಲಕಾರವಾದರೆ ಆ ಪದದ ಗತಿ ಏನೆಂದು ಬಿಡಿಸಿ ಬರೆಯುವುದು ಬೇಡ. ಸಾಲಿನಲ್ಲಿದ್ದ ಹೆಂಗಸೊಬ್ಬಳು ಮಗುವಿನ ಕಿವಿ ಮುಚ್ಚಿದಳು ಎಂದರೆ ಸಾಕು.)

ಇಷ್ಟು ಅವಮಾನ ನುಂಗಿದ ಗಂಟಲಿಗೆ ತಂಪಾದದ್ದೇನಾದರೂ ಬೇಡವೇ? ಬಾಯಾರಿಕೆಗೆ ಒಂದು ಸೋಡಾ, ಬೇಸರಕ್ಕೆ ಇನ್ನೊಂದು. ಮೇಲಧಿಕಾರಿ ನಕ್ಕರೆ ಮೂರನೆಯದು, ನಗದೆ ಸುಮ್ಮನೆ ನೋಡಿದರೆ ನಾಲ್ಕನೆಯದು. ಹಾಗೆಂದು ಗುಮಾಸ್ತರು ಬೇಜವಾಬ್ದಾರಿಯವರಲ್ಲ. ಬಿಲ್ಲೆಗಳಿಗೆ ಗೊತ್ತಾಗದಂತೆ ಕೊಳವೆಯಲ್ಲಿ, ಕೆನ್ನೆಯ ಪಕ್ಕದಿಂದ, ಕಳ್ಳದಾರಿಯಲ್ಲಿ ಹೀರುತ್ತಿದ್ದರು. ಪುಸ್ತಕದಲ್ಲಿ ದುಂಡಗೆ ಬರೆಯುತ್ತಿದ್ದರು: ನೀರು, ಒಂದು ಲೋಟ.

ಹದಿನೈದನೆಯ ದಿನ ಬೆಳಿಗ್ಗೆ ಹೆಂಡತಿ ಆ ತಟ್ಟೆಯನ್ನು ಹತ್ತಿಯಲ್ಲಿ ಸುತ್ತಿ, ಎಳೆಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಹೋದಳು. ಸಂಜೆ ಬಂದವಳು ಹೆಗಲ ಚೀಲವನ್ನೂ ಇಳಿಸದೆ ಊಟದ ಮೇಜಿನ ಮುಂದೆ ಕೂತಳು.

“ಸವೆದಿದೆ ರೀ.”

“ಯಾವುದು?”

“ಆರೂ. ಕೂದಲೆಳೆಯಷ್ಟು. ಬರೀ ನೀರು ಕುಡಿದು ಮನೆ ಊಟ ಉಂಡ ಬಾಯಲ್ಲಿ ಅಷ್ಟೂ ಸವೀಬಾರದು. ಅಂದ್ರೆ ನನ್ನ ಸಿಮೆಂಟು ಎಂಜಲಿಗೇ ಕರಗತ್ತೆ.” ಆಕೆಯ ಕಣ್ಣು ತುಂಬಿತು. “ನಾಳೆ ‘ಯೋಗ್ಯವಲ್ಲ’ ಅಂತ ವರದಿ ಬರೆದು ಕೊಡ್ತೀನಿ. ಮೂರು ವರ್ಷ ನೀರಲ್ಲಿ ಹೋಮ ಮಾಡಿದ ಹಾಗಾಯ್ತು.”

ಗುಮಾಸ್ತರ ನಾಲಿಗೆಗೆ ಳಕಾರ ವಾಪಸ್ಸು ಬಂದಿತ್ತು, ಆದರೆ ಮಾತೇ ಹೊರಟುಹೋಯಿತು. ಹೆಂಡತಿ ಅವರ ಕೈಯನ್ನು ಮೆಲ್ಲಗೆ ತಟ್ಟಿದಳು.

“ನಿಮ್ಮದೇನೂ ತಪ್ಪಿಲ್ಲ. ಪಾಪ, ಹದಿನಾಲ್ಕು ದಿನ ನನಗೋಸ್ಕರ ಬಾಯಿ ಕಟ್ಟಿದ್ರಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದರು. ಈ ‘ಪಾಪ’ವನ್ನು ತಡೆದುಕೊಳ್ಳಲಾಗಲಿಲ್ಲ.

“ಅದು ನೀರಲ್ಲ,” ಎಂದರು.

“ಏನು?”

“ಪುಸ್ತಕದಲ್ಲಿ ನೀರು ಅಂತಿದೆಯಲ್ಲ… ಬಹುಪಾಲು ನೀರೇ. ಸ್ವಲ್ಪ ನಿಂಬೆಹುಳಿ ಇತ್ತು. ಸ್ವಲ್ಪ ಸಕ್ಕರೆ. ಸ್ವಲ್ಪ ಗ್ಯಾಸು.”

ಹೆಂಡತಿ ನಿಧಾನವಾಗಿ ತಲೆಯೆತ್ತಿದಳು. “ಎಷ್ಟು?”

“ಒಂದೆರಡು.”

“ಒಂದೋ, ಎರಡೋ?”

“ನಾಲ್ಕು.”

“ಹದಿನಾಲ್ಕು ದಿನಕ್ಕಾ?”

“…ದಿನಕ್ಕೆ.”

“ಹುಳಿ ಪೆಪ್ಪರಮೆಂಟು?” ಎಂದು ಮೂಲೆಯ ಕುರ್ಚಿಯಿಂದ ತಾಯಿಯ ದನಿ ಬಂತು.

“ಅದೂ ಇತ್ತಮ್ಮ,” ಎಂದರು ಐವತ್ಮೂರು ವರ್ಷದ ಮಗ.

ಗುಮಾಸ್ತರು ಕಣ್ಣು ಮುಚ್ಚಿ ಸಿಡಿಲಿಗೆ ಕಾದರು. ಕೇಳಿಸಿದ್ದು ಪೆನ್ಸಿಲಿನ ಕರಕರ.

“ಐವತ್ತಾರು!” ಹೆಂಡತಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. “ಐವತ್ತಾರು ಬಾಟಲಿ ಆಮ್ಲ ಸುರಿದಿದ್ದೀರಿ! ಹಳೇ ಸಿಮೆಂಟಾಗಿದ್ರೆ ಜರಡಿ ಆಗಿರ್ತಿತ್ತು. ನಂದು ಕೂದಲೆಳೆಯಷ್ಟು ಸವೆದು ನಿಂತಿದೆ ರೀ!” ಎಂದು ಗಂಡನನ್ನು ಗಟ್ಟಿಯಾಗಿ ಅಪ್ಪಿಕೊಂಡಳು. (ಮದುವೆಯಾದ ಇಪ್ಪತ್ತೇಳು ವರ್ಷಗಳಲ್ಲಿ ಅತ್ತೆಯ ಎದುರು ಇದೇ ಮೊದಲು. ಅತ್ತೆ ಗೋಡೆಯ ಕಡೆ ತಿರುಗಿಕೊಂಡರು, ಆದರೆ ಪೂರ್ತಿ ಅಲ್ಲ.)

ಅಲ್ಲಿಗೆ ಸುಮ್ಮನಿದ್ದಿದ್ದರೆ ಗುಮಾಸ್ತರು ಬದುಕಿಕೊಳ್ಳುತ್ತಿದ್ದರು. ಆದರೆ ಎದೆಯುಬ್ಬಿಸಿ, “ಮತ್ತೆ? ನಾನೇನು ಚಪಲಕ್ಕೆ ಕುಡಿದೆ ಅಂದ್ಕೊಂಡ್ಯಾ? ಎಲ್ಲಾ ವಿಜ್ಞಾನಕ್ಕೋಸ್ಕರ,” ಎಂದುಬಿಟ್ಟರು.

ಅಪ್ಪುಗೆ ಸಡಿಲವಾಯಿತು. “ಸಿಮೆಂಟೇ ಸವೆದಿದೆ,” ಎಂದಳು ಹೆಂಡತಿ ಯೋಚಿಸುತ್ತ. “ಹಾಗಾದ್ರೆ ಎರಡು ವರ್ಷದಿಂದ ನಿಮ್ಮ ಹಲ್ಲು? ಅತ್ತೆ, ಆ ಟಾರ್ಚು ಕೊಡಿ. ರೀ, ಆ ಅನ್ನಿ.”

ಮೂರು ಗುಂಡಿಗಳಿದ್ದವು. ಅತ್ತೆಯೂ ಕನ್ನಡಕ ಹಾಕಿಕೊಂಡು ಬಂದು, ಮೂರನ್ನೂ ಎಣಿಸಿ ದೃಢಪಡಿಸಿದರು.

ಆಕೆ ‘ಯೋಗ್ಯವಲ್ಲ’ ಎಂದು ಬರೆಯಲಿಲ್ಲ. ಯೋಗ್ಯ ಎಂದೂ ಬರೆಯಲಿಲ್ಲ. ನಡೆದದ್ದನ್ನು ನಡೆದಂತೆ ಬರೆದುಕೊಟ್ಟು, ಪರೀಕ್ಷೆಯನ್ನು ಮೊದಲಿನಿಂದ, ಬೇರೆ ಬಾಯಿಗಳಲ್ಲಿ, ನಾಲ್ಕು ತಿಂಗಳು ನಡೆಸಿದಳು. ಸಿಮೆಂಟು ಗೆದ್ದಿತು. ಅದು ತುಂಬಿದ ಮೊದಲ ಮೂರು ಗುಂಡಿಗಳು ಗುಮಾಸ್ತರವು. ವೈದ್ಯರು ಕೊರೆಯುವಾಗ ಹೆಂಡತಿ ಪಕ್ಕದಲ್ಲಿ ನಿಂತು ಪುಡಿ ಕಲಸಿದಳು. ಇನ್ನೊಂದು ಕೈಯಲ್ಲಿ ಗಂಡನ ಬೆವೆತ ಕೈಯನ್ನು ಹಿಡಿದುಕೊಂಡಿದ್ದಳೆಂದು, ಅದಕ್ಕೇ ಕಲಸುವುದು ತಡವಾಯಿತೆಂದು ವೈದ್ಯರು ದೂರಿದರು.

ವರ್ಷ ಕಳೆದು ಆಕೆಯ ಲೇಖನ ದೊಡ್ಡ ಪತ್ರಿಕೆಯೊಂದರಲ್ಲಿ ಅಚ್ಚಾಗಿ ಮನೆಗೆ ಬಂತು. ಗುಮಾಸ್ತರು ಹೊಸ ಅಂಗಿ ಹಾಕಿಕೊಂಡು ಬಂದು ಕೂತರು. “ನಾನು ಎಲ್ಲಿದ್ದೀನಿ? ಓದು, ಅಮ್ಮನೂ ಕೇಳಲಿ.”

ಹೆಂಡತಿ ಎರಡು ಪುಟ ಮಗುಚಿ, ಗಂಟಲು ಸರಿಮಾಡಿಕೊಂಡು, ಒಂದೊಂದೇ ಪದ ಬಿಡಿಸಿ ಹೇಳಿದಳು: “ಪ್ರಾಥಮಿಕ ಪರೀಕ್ಷಾರ್ಥಿ, ಒಬ್ಬರು. ಪುರುಷ. ವಯಸ್ಸು ಐವತ್ಮೂರು. ಬಾಯಿ: ಪರೀಕ್ಷೆಗೆ ಯೋಗ್ಯ. ಬಾಯಿಮಾತು: ನಂಬಲರ್ಹವಲ್ಲ.”

“ಇದನ್ನ ಅಚ್ಚು ಹಾಕಿಸಿಬಿಟ್ಟೆಯಾ!” ಎಂದು ಗುಮಾಸ್ತರು ಕೂಗಿದರು.

ಮೂಲೆಯ ಕುರ್ಚಿಯಲ್ಲಿ ತಾಯಿ ನಿಟ್ಟುಸಿರಿಟ್ಟರು. “ಇಷ್ಟನ್ನ ಕಂಡುಹಿಡಿಯೋಕೆ ಅಷ್ಟೆಲ್ಲಾ ಕಷ್ಟಪಟ್ಟೆಯೇನಮ್ಮಾ? ನನ್ನ ಕೇಳಿದ್ದಿದ್ರೆ ಮದುವೆಗೆ ಮುಂಚೇನೇ ಹೇಳ್ತಿದ್ದೆ.”