ನಗುವ ಅಂಚೆಚೀಟಿ, ಉರಿಯುವ ವಕೀಲರು

“ಅವನಿಗೊಂದು ನೋಟಿಸು ಜಡೀತೀನಿ! ಅದನ್ನ ಓದಿದ್ರೆ ಅವನ ನಗು ಗಂಟಲಲ್ಲೇ ಒಣಗ್ಬೇಕು!” ಎಂದು ವಕೀಲರು ಊಟದ ಮೇಜನ್ನು ಗುದ್ದಿದರು. ನೀರಿನ ಲೋಟ ಉರುಳಿ ಕೇಸಿನ ಕಡತ ತೊಯ್ದುಹೋಯಿತು. ಆ ತಪ್ಪೂ ಭಾವಮೈದನ ತಲೆಗೇ ಕಟ್ಟಲ್ಪಟ್ಟಿತು.

ಭಾವಮೈದ ಮಾಡಿದ್ದಾದರೂ ಏನು? ನೆಂಟರು ತುಂಬಿದ್ದ ನಡುಮನೆಯಲ್ಲಿ ವಕೀಲರ ಗೊರಕೆಯನ್ನು ನಕಲು ಮಾಡಿ ತೋರಿಸಿದ್ದ. ಬರೀ ಗೊರಕೆಯಲ್ಲ, ನಡುನಡುವೆ “ಅಬ್ಜೆಕ್ಷನ್, ಮೈ ಲಾರ್ಡ್!” ಬೇರೆ! ನೆಂಟರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೋರ್ಟಿನಲ್ಲಿ ಸಾಕ್ಷಿಗಳನ್ನು ಗಡಗಡ ನಡುಗಿಸುವ ಮನುಷ್ಯನಿಗೆ ಮಾವನ ಮನೆಯಲ್ಲಿ ಇಷ್ಟೇನಾ ಮರ್ಯಾದೆ? ವಕೀಲರ ಮೈಯೆಲ್ಲ ಉರಿದುಹೋಗಿತ್ತು.

ನೋಟಿಸು ಭರ್ಜರಿಯಾಗಿಯೇ ಮೂಡಿಬಂತು. “ನನ್ನ ಕಕ್ಷಿದಾರನೂ ನಿನ್ನ ಭಾವನೂ ಆದ ನಾನು ಈ ಮೂಲಕ ತಿಳಿಯಪಡಿಸುವುದೇನೆಂದರೆ...” ಎಂದು ಶುರುವಾಗಿ, ಬರವಣಿಗೆಯಲ್ಲಿ ಬೇಷರತ್ ಕ್ಷಮೆ ಕೇಳದಿದ್ದರೆ ಸಂಬಂಧ ಕಡಿದುಕೊಳ್ಳಲಾಗುವುದು ಎಂದು ಮುಗಿಯಿತು. ಹೆಂಡತಿಯ ಡ್ರಾಯರಿನಲ್ಲಿ ಒಂದು ಅಂಚೆಚೀಟಿ ಸಿಕ್ಕಿತು. ಅಂಟಿಸಿ, ಬೀದಿ ತುದಿಯ ಡಬ್ಬಿಗೆ ಹಾಕಿ, ಎದೆಯುಬ್ಬಿಸಿಕೊಂಡು ಬಂದರು.

“ರೀ, ನನ್ನ ಸ್ಟಾಂಪ್ ಎಲ್ಲಿ?”

“ನೋಟಿಸಿಗೆ ಅಂಟಿಸ್ದೆ. ಯಾಕೆ?”

“ಯಾಕಾ! ಬಿಡುಗಡೆ ದಿನವೇ ಕ್ಯೂ ನಿಂತು ತಂದಿದ್ದೆ ಕಣ್ರೀ! ಮುಟ್ಟೋ ಮುಂಚೆ ಒಂದು ಮಾತು ಕೇಳ್ಬಾರ್ದಾ?”

ಅದು ಮರಾಠಿಯ ದೊಡ್ಡ ಹಾಸ್ಯಗಾರರೊಬ್ಬರ ನೆನಪಿಗಾಗಿ ಹೊರತಂದ ಚೀಟಿ. ಒಬ್ಬರೇ ರಂಗಕ್ಕೆ ಬಂದು, ಇಡೀ ಬೀದಿಯ ಜನರನ್ನು ತಮ್ಮ ಗಂಟಲಲ್ಲೇ ಕೂರಿಸಿಕೊಂಡು ಮಾತಾಡುತ್ತಿದ್ದ ಮಹಾನುಭಾವರು. ಅಕ್ಕ ತಮ್ಮ ಇಬ್ಬರೂ ಅವರ ಕ್ಯಾಸೆಟ್ಟು ಕೇಳಿಯೇ ಬೆಳೆದವರು. ತಮ್ಮನಿಗೆ ನಕಲಿನ ಚಟ ಹತ್ತಿದ್ದೂ ಅಲ್ಲಿಂದಲೇ. ಚೀಟಿಯಲ್ಲಿ ಅವರು ಬಾಯ್ತುಂಬ ನಗುತ್ತಿದ್ದರು.

ನೋಟಿಸು ತಲುಪಿದ ದಿನವೇ ಫೋನು ಬಂತು. ಆ ಕಡೆ ಮನೆಮಂದಿಯೆಲ್ಲ ನಗುವ ಗದ್ದಲ.

“ಭಾವ, ಸೂಪರ್! ಲಕೋಟೆ ಮೇಲೆ ಅವರ ಮುಖ ನೋಡಿದ ತಕ್ಷಣ ಗೊತ್ತಾಯ್ತು, ಒಳಗೆ ಏನೋ ಮಜಾ ಇದೆ ಅಂತ! ‘ಸಂಬಂಧ ಕಡಿದುಕೊಳ್ಳಲಾಗುವುದು!’ ಅಯ್ಯಯ್ಯೋ, ನಕ್ಕು ನಕ್ಕು ಅಮ್ಮನಿಗೆ ಕೆಮ್ಮೇ ಬಂತು!”

“ನಾನು ಸೀರಿಯಸ್ಸಾಗಿ ಬರ್ದಿದ್ದು ಕಣೋ!”

“ಆಹಾ! ಅದೇ ಧಾಟಿ ಭಾವ, ಬಿಡ್ಬೇಡಿ!”

ವಕೀಲರು ಹಲ್ಲು ಕಡಿಯುತ್ತ ಅಂಚೆ ಕಚೇರಿಗೆ ನುಗ್ಗಿದರು. ಎರಡನೇ ನೋಟಿಸಿಗೆ ಗಂಭೀರವಾದ ಚೀಟಿಯೇ ಬೇಕಿತ್ತು!

“ಬೇರೆ ಇಲ್ಲ ಸಾರ್. ಈ ತಿಂಗಳೆಲ್ಲ ಇವರೇ,” ಎಂದ ಕೌಂಟರಿನವ.

“ಒಂದು ಹೂವು? ಒಂದು ಹಕ್ಕಿ? ನಗದೇ ಇರೋರು ಒಬ್ರೂ ಇಲ್ವೇನ್ರೀ ಇಲ್ಲಿ?”

“ಸದ್ಯಕ್ಕೆ ನೀವೊಬ್ರೇ ಸಾರ್.”

ವಕೀಲರು ಮನೆಗೆ ಬಂದವರೇ ಫೋನಿನಲ್ಲಿ ಗುಡುಗಿದರು. “ನಂಗೆ ನಿಜವಾಗ್ಲೂ ನೋವಾಗಿದೆ ಕಣೋ! ನೆಂಟರ ಮುಂದೆ ತಲೆ ಎತ್ತೋಕಾಗ್ತಿಲ್ಲ!” ಆ ಕಡೆಯ ನಗು ಥಟ್ಟನೆ ನಿಂತಿತು.

ವಾರದೊಳಗೆ ಉತ್ತರ ಬಂತು. ಲಕೋಟೆಯ ಮೂಲೆಯಲ್ಲಿ ಅದೇ ನಗುಮುಖ!

“ನೋಡಿದ್ಯಾ, ಮತ್ತೆ ಗೇಲಿ!” ವಕೀಲರು ಕೆಂಡವಾದರು. ಲಕೋಟೆ ಹರಿದು ಗಟ್ಟಿಯಾಗಿ ಓದತೊಡಗಿದರು. “ಪೂಜ್ಯ ಭಾವನವರಿಗೆ... ನನ್ನಿಂದ ದೊಡ್ಡ ತಪ್ಪಾಯಿತು... ನೀವು ಬೈದಾಗಿನಿಂದ ಊಟ ಸೇರುತ್ತಿಲ್ಲ...” ಓದುತ್ತಿದ್ದಂತೆ ಕಣ್ಣು ಚೀಟಿಯ ಕಡೆ ಜಾರಿತು. ಊಟ ಸೇರುತ್ತಿಲ್ಲ ಎಂಬ ಮಾತಿಗೂ ಆ ಮುಖಕ್ಕೆ ಅದೇ ನಗು! ವಕೀಲರ ಹೊಟ್ಟೆಯೊಳಗಿಂದ ಏನೋ ಉಕ್ಕಿ ಬಂತು. ತುಟಿ ಕಚ್ಚಿ ತಡೆದರು. ಆಗಲಿಲ್ಲ, ಬಿದ್ದು ಬಿದ್ದು ನಕ್ಕರು.

ಹೆಂಡತಿ ಕಾಗದ ಕಿತ್ತುಕೊಂಡು ಓದಿದಳು. ಅವಳ ಮುಖ ಕೆಂಪಾಯಿತು.

“ಅಲ್ರೀ, ನನ್ನ ತಮ್ಮ ಅತ್ಕೊಂಡು ಬರ್ದಿದಾನೆ. ಇಲ್ನೋಡಿ, ಕಣ್ಣೀರು ಬಿದ್ದು ಶಾಯಿ ಹರಡಿದೆ. ನಿಮಗೆ ನಗುವೇ? ನಾಚ್ಕೆ ಆಗಲ್ವಾ?”

“ಅದು... ಆ ಸ್ಟಾಂಪ್ ನೋಡಿ...”

“ಬಾಯಿ ಮುಚ್ಚಿ! ಈಗ್ಲೇ ಕೂತು ಅವನಿಗೆ ಕ್ಷಮೆ ಕೇಳಿ ಬರೀರಿ. ಬೇಷರತ್!”

ವಕೀಲರು ಮೆಲ್ಲಗೆ ಪೆನ್ನು ತೆಗೆದರು. “ಅದಕ್ಕೂ ಇದೇ ಸ್ಟಾಂಪ್ ಹಚ್ಬೇಕಲ್ಲೇ! ಅವನು ನಗಲ್ವಾ?”

“ಸ್ಟಾಂಪ್ ಯಾಕೆ? ನೀವೇ ತಗೊಂಡ್ಹೋಗಿ, ಅವನೆದುರು ನಿಂತು ಓದಿ. ಅವನಿಗೆ ನಗು ಬರ್ಸೋಕೆ ನಿಮ್ಮ ಮುಖವೇ ಸಾಕು!”